ಮಕ್ಕಳ ಜೊತೆ ಸೇಂಟ್ ಮೇರೀಸ್ ದ್ವೀಪ: ನೋಡಲಿಕ್ಕೆ ದ್ವೀಪ, ನೀರಾಟಕ್ಕೆ ದಡ

ಏಪ್ರಿಲ್ ಬಂತೆಂದರೆ ನಮ್ಮ ಮನೆಗೆ ಫೋನ್ ಶುರು. ಬೆಂಗಳೂರಿನ ಅತ್ತಿಗೆ, ಹುಬ್ಬಳ್ಳಿಯ ಚಿಕ್ಕಪ್ಪನ ಮಗ, ಯಾರೇ ಆಗಲಿ ಕೇಳುವುದು ಒಂದೇ: "ಮಕ್ಕಳಿಗೆ ರಜೆ, ಮಲ್ಪೆಯ ಆ ದ್ವೀಪಕ್ಕೆ ಹೋಗುವ ಅಂತ ಇದ್ದೇವೆ, ಹೇಗೆ?" ಉಡುಪಿಯಲ್ಲಿ ಮನೆ ಇದ್ದ ಮೇಲೆ ಇದಕ್ಕೆ ಸರಿಯಾದ ಉತ್ತರ ಕೊಡಬೇಕು ಅಲ್ವಾ? ಪ್ರತಿ ವರ್ಷ ಫೋನಿನಲ್ಲಿ ಹೇಳಿದ್ದನ್ನೆಲ್ಲ ಈ ಸಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಸೇಂಟ್ ಮೇರೀಸ್ ಇರುವುದು ನೋಡಲಿಕ್ಕೆ. ಮಕ್ಕಳನ್ನು ನೀರಿಗೆ ಬಿಡಲಿಕ್ಕೆ ಅಲ್ಲ. ಸಮುದ್ರ ಎಂದರೆ ಮಕ್ಕಳಿಗೆ ನೀರಾಟ, ಅದು ಸಹಜ. ಆದರೆ ದ್ವೀಪದ ಸುತ್ತ ಕಲ್ಲುಗಳೇ ಜಾಸ್ತಿ. ಮರಳು ಇರುವ ಜಾಗ ಕಡಿಮೆ, ಕಲ್ಲಿನ ಸಂದಿಯಲ್ಲಿ ಆಳ ಎಷ್ಟು ಎಂದು ಮೇಲಿಂದ ಗೊತ್ತಾಗುವುದಿಲ್ಲ, ಈಜು ಬಲ್ಲ ದೊಡ್ಡವರೇ ಅಲ್ಲಿ ಜೀವ ಕಳೆದುಕೊಂಡದ್ದುಂಟು. ಹಾಗಾಗಿ ಬೆಳಿಗ್ಗೆ ದ್ವೀಪ ನೋಡಿ ಬನ್ನಿ, ಸಂಜೆ ಮಲ್ಪೆ ದಡದಲ್ಲಿ ನೀರಾಟ ಆಡಿಸಿ. ಹೀಗೆ ಎರಡು ಭಾಗ ಮಾಡಿಕೊಂಡರೆ ದಿನ ಚೆನ್ನಾಗಿ ಹೋಗುತ್ತದೆ.

ನಾನು ಇದನ್ನು ಕಲಿತದ್ದು ಮೊದಲ ಸಲದ ಪ್ರವಾಸದಿಂದ. ಮಗಳಿಗೆ ಆಗ ಐದು ವರ್ಷ. ಮೇ ತಿಂಗಳು, ದ್ವೀಪಕ್ಕೆ ಇಳಿಯುವಾಗ ಗಂಟೆ ಹನ್ನೊಂದೂವರೆ. ಕಪ್ಪು ಕಲ್ಲು ಕಾದ ಹಂಚಿನ ಹಾಗೆ ಇತ್ತು. ಅವಳ ಚಪ್ಪಲಿ ಒಂದು ಅಲೆಗೆ ಹೋಯಿತು, ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟದ್ದೇ ಅಳು. ತಂದ ನೀರು ಅರ್ಧ ಗಂಟೆಯಲ್ಲಿ ಮುಗಿಯಿತು, ವಾಪಸ್ ಬೋಟಿಗೆ ಬಿಸಿಲಲ್ಲಿ ಕಾದೆವು. ಮಗು ಎರಡು ದಿನ ಸುಸ್ತಾಗಿ ಮಲಗಿತ್ತು. ಸ್ವಲ್ಪ ಯೋಚಿಸಿ ಹೊರಟಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಹೆಜ್ಜೆ 1: ತಿಂಗಳು ಮತ್ತು ದಿನ ನೋಡಿ

ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇಲ್ಲ. ಜೂನ್‌ನಿಂದ ಸುಮಾರು ಸೆಪ್ಟೆಂಬರ್ ತನಕ ಕಡಲು ಅಷ್ಟು ಜೋರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ, ಆಗ ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ. ದಸರಾ ರಜೆಗೆ ಬರುವವರು ಬೋಟ್ ಶುರುವಾಗಿದೆಯಾ ಎಂದು ಕೇಳಿಕೊಂಡೇ ಹೊರಡಿ.

ಮಕ್ಕಳಿಗೆ ಒಳ್ಳೆಯದು ನವೆಂಬರ್‌ನಿಂದ ಫೆಬ್ರವರಿ. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ, ಬೋಟಿನ ಸಾಲಿನಲ್ಲೇ ಮಕ್ಕಳು ಬಸವಳಿಯುತ್ತಾರೆ. ಶಾಲೆಯ ರಜೆ ಏಪ್ರಿಲ್, ಮೇಯಲ್ಲೇ ಬರುವುದು, ಎಂತ ಮಾಡುವುದು? ಆಗ ವಾರದ ನಡುವಿನ ದಿನ ಆರಿಸಿ, ಬೆಳಗಿನ ಮೊದಲ ಬೋಟಿಗೇ ಹೋಗಿ, ಬಿಸಿಲೇರುವ ಮುಂಚೆ ಮಲ್ಪೆಗೆ ಮರಳಿ. ಶನಿವಾರ, ಭಾನುವಾರವೇ ಬರಬೇಕಾದವರು ಕೂಡ ಮೊದಲ ಬೋಟಿಗೇ ಹೋಗಿ.

ಎರಡು ವರ್ಷದ ಒಳಗಿನ ಮಗು ಇದ್ದರೆ ದ್ವೀಪ ಬಿಟ್ಟುಬಿಡಿ ಎನ್ನುತ್ತೇನೆ. ಮಗುವಿಗೆ ಅಲ್ಲಿ ಸಿಗುವುದು ಏನೂ ಇಲ್ಲ. ತಾಯಿಗೆ ಎತ್ತಿಕೊಂಡು ಕಲ್ಲಿನ ಮೇಲೆ ನಡೆಯುವ ಕಷ್ಟ ಮಾತ್ರ. ಕೂಸಿನ ಜೊತೆ ಅಜ್ಜಿಯೋ ಚಿಕ್ಕಮ್ಮನೋ ಮಲ್ಪೆಯ ನೆರಳಲ್ಲಿ ಕೂತಿರಲಿ, ಉಳಿದವರು ಹೋಗಿ ಬನ್ನಿ.

ಹೆಜ್ಜೆ 2: ಭರತ, ಇಳಿತ ನೋಡಿ

ಇದನ್ನು ಹೊರಗಿನಿಂದ ಬರುವವರು ನೋಡುವುದೇ ಇಲ್ಲ. ಕಡಲಿನ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದು ಭರತ, ಇಳಿಯುವುದು ಇಳಿತ. ಇದರ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ಇಳಿತ ಇದ್ದರೆ ನಾಳೆ ಒಂಬತ್ತರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಏರಿಳಿತ ಎರಡೂ ಜಾಸ್ತಿ. ಮಲ್ಪೆಯ ಭರತ, ಇಳಿತದ ಹೊತ್ತು ಮೊಬೈಲಿನಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಬಂದರಿನಲ್ಲಿ ಯಾರಾದರೂ ಹಿರಿಯ ಮೀನುಗಾರರ ಹತ್ತಿರ "ಅಣ್ಣಾ, ಇವತ್ತು ಇಳಿತ ಎಷ್ಟು ಹೊತ್ತಿಗೆ?" ಎಂದು ಕೇಳಿ, ಖುಷಿಯಿಂದ ಹೇಳುತ್ತಾರೆ.

ಮಕ್ಕಳ ಜೊತೆ ಹೋಗುವಾಗ ನೀರು ಇಳಿಯುತ್ತಿರುವ ಹೊತ್ತು ಒಳ್ಳೆಯದು. ಕಲ್ಲಿನ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ಅದರಲ್ಲಿ ಸಣ್ಣ ಮೀನು, ಏಡಿ, ಶಂಖದ ಹುಳು ಎಲ್ಲ ಕಾಣುತ್ತವೆ. ನೀರು ಏರಲು ಶುರುವಾದ ಮೇಲೆ ಅದೇ ಕಲ್ಲಿಗೆ ಅಲೆ ಬಂದು ಬಡಿಯುತ್ತದೆ, ಆಗ ಅಂಚಿನಿಂದ ದೂರ ಬರಬೇಕು. ಇಳಿತ ಸರಿಯಾಗಿ ನಡು ಮಧ್ಯಾಹ್ನಕ್ಕೆ ಬಿದ್ದಿದ್ದರೆ? ನಾನಾದರೆ ಇಳಿತ ಬಿಟ್ಟು ಬೆಳಗಿನ ತಂಪನ್ನೇ ಆರಿಸುತ್ತೇನೆ. ಏಡಿ ಕಾಣದಿದ್ದರೂ ಪರವಾಗಿಲ್ಲ, ಮಗು ಬಿಸಿಲಿಗೆ ಬಾಡಬಾರದು.

ಹೆಜ್ಜೆ 3: ಚೀಲ

ಹಿಂದಿನ ರಾತ್ರಿಯೇ ಕಟ್ಟಿಡಿ. ಭಾರ ಬೇಡ, ಕೈ ಎರಡೂ ಖಾಲಿ ಇರಬೇಕು, ಹಾಗಾಗಿ ಬೆನ್ನಿಗೆ ಹಾಕುವ ಒಂದೇ ಚೀಲ ಸಾಕು.

ಚಪ್ಪಲಿ ಎಲ್ಲಕ್ಕಿಂತ ಮುಖ್ಯ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಬೇಕು, ಹವಾಯಿ ಚಪ್ಪಲಿ ಬೇಡ, ಹೊಸ ಶೂ ಅಂತೂ ಬೇಡವೇ ಬೇಡ. ಕಲ್ಲಿಗೆ ಅಂಟಿಕೊಂಡ ಚಿಪ್ಪುಗಳ ಅಂಚು ಬ್ಲೇಡಿನ ಹಾಗೆ ಇರುತ್ತದೆ. ತೋಳು ತುಂಬಾ ಇರುವ ತೆಳು ಹತ್ತಿ ಅಂಗಿ, ಅಗಲ ಅಂಚಿನ ಟೊಪ್ಪಿ. ಗಾಳಿ ಜೋರಿರುವುದರಿಂದ ಟೊಪ್ಪಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಇರಲಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನದ್ದು. ಬಿಸಿಲಿಗೆ ಇಳಿಯುವ 15–20 ನಿಮಿಷ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿ ಮತ್ತು ಕತ್ತಿನ ಹಿಂಭಾಗ ಎಲ್ಲರೂ ಮರೆಯುತ್ತಾರೆ.

ನೀರು ಒಬ್ಬೊಬ್ಬರಿಗೆ ಒಂದು ಲೀಟರ್, ಮಕ್ಕಳಿಗೂ ಅಷ್ಟೇ. ತುಂಬಿಸಿ ತರುವ ಸ್ಟೀಲ್ ಬಾಟಲಿಯಾದರೆ ಒಳ್ಳೆಯದು, ಪ್ಲಾಸ್ಟಿಕ್ ಬಾಟಲಿ ಗಾಳಿಗೆ ಹಾರಿ ಕಡಲಿಗೇ ಹೋಗುತ್ತದೆ. ಜೊತೆಗೆ ಎರಡು ಪೊಟ್ಟಣ ಓಆರ್‌ಎಸ್. ತಿನ್ನಲಿಕ್ಕೆ ಬಾಳೆಹಣ್ಣು, ಅವಲಕ್ಕಿ, ಬೇಯಿಸಿದ ಗೆಣಸು, ಇಂಥ ಒಣ ತಿಂಡಿ. ಚಿಪ್ಸ್ ಬೇಡ, ಬಾಯಾರಿಕೆ ಜಾಸ್ತಿ ಮಾಡುತ್ತದೆ. ಒಂದು ಜೊತೆ ಒಣ ಬಟ್ಟೆ, ತೆಳು ಬೈರಾಸು (ಟವೆಲು), ಬ್ಯಾಂಡೇಜು, ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲು. ಈ ನೋಟ್‌ಬುಕ್ಕಿನ ವಿಷಯ ಮುಂದೆ ಬರುತ್ತದೆ, ಬಿಡಬೇಡಿ.

ಮಕ್ಕಳ ಅಂಗಿಯ ಒಳಬದಿಗೆ ನಿಮ್ಮ ಫೋನ್ ನಂಬರ್ ಪೆನ್ನಿನಲ್ಲಿ ಬರೆದುಬಿಡಿ. ಜನಜಂಗುಳಿಯಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 4: ಮಲ್ಪೆ, ಬೋಟು

ಉಡುಪಿಯಿಂದ ಮಲ್ಪೆ ಸುಮಾರು 6 ಕಿಲೋಮೀಟರ್. ಸಿಟಿ ಬಸ್ ನಿಲ್ದಾಣದಿಂದ ಬಸ್ಸು ಸಿಗುತ್ತಲೇ ಇರುತ್ತದೆ, ಮಕ್ಕಳಿಗೆ ಕಾರಿಗಿಂತ ಈ ಬಸ್ಸೇ ಇಷ್ಟ. ಮಂಗಳೂರಿನಿಂದ ಬರುವವರು ರಾಷ್ಟ್ರೀಯ ಹೆದ್ದಾರಿ 66ರಲ್ಲಿ 55–60 ಕಿಲೋಮೀಟರ್ ಬರಬೇಕು, ಹಾಗಾಗಿ ಆರೂವರೆಗೇ ಮನೆ ಬಿಡಿ. ತಿಂಡಿ ದಾರಿಯಲ್ಲಿ ಮುಗಿಸಿ, ಆದರೆ ಹೊಟ್ಟೆ ಬಿರಿಯುವಷ್ಟು ಬೇಡ. ಬೋಟಿಗೆ ಮುಂಚೆ ಎರಡು ಇಡ್ಲಿಯೋ ನೀರುದೋಸೆಯೋ ಸಾಕು. ಬನ್ಸ್, ಗೋಳಿಬಜೆ ಎಣ್ಣೆಯ ತಿಂಡಿ, ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಟಿಕೆಟ್ ತೆಗೆಯುವಾಗಲೇ ಎರಡು ಪ್ರಶ್ನೆ ಕೇಳಿ. ವಾಪಸ್ ಬರುವ ಬೋಟ್ ಎಷ್ಟು ಹೊತ್ತಿಗೊಮ್ಮೆ? ಮಕ್ಕಳ ಅಳತೆಯ ಲೈಫ್ ಜಾಕೆಟ್ ಉಂಟಾ? ಎರಡನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಮುಂದಿನ ಬೋಟಿಗೆ ಕಾಯಿರಿ. ಮೂರು ವರ್ಷದ ಹಿಂದೆ ನಾವು ಹತ್ತಿದ ಒಂದು ಬೋಟಿನಲ್ಲಿ ದೊಡ್ಡವರ ಜಾಕೆಟ್ಟನ್ನೇ ಆರು ವರ್ಷದ ಹುಡುಗನಿಗೆ ತೊಡಿಸಿದ್ದರು. ಅದು ಅವನ ಕಿವಿಯ ಮೇಲೆ ಏರಿ ನಿಂತಿತ್ತು. ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಪರೀಕ್ಷೆ ಮಾಡುವುದು ಸುಲಭ: ಎಲ್ಲ ಬಕಲ್ ಹಾಕಿದ ಮೇಲೆ ಜಾಕೆಟ್ಟಿನ ಎರಡು ಭುಜ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲ ದಾಟಿ ಮೇಲೆ ಬಂದರೆ ಅದು ಆ ಮಗುವಿನ ಜಾಕೆಟ್ ಅಲ್ಲ. ಇದರಲ್ಲಿ ನಾಚಿಕೆ, ದಾಕ್ಷಿಣ್ಯ ಬೇಡ, ಕೇಳಿಯೇ ಕೇಳಬೇಕು.

ಹೊರಡುವ ಮುಂಚೆ ಎಲ್ಲರನ್ನೂ ಮಲ್ಪೆಯಲ್ಲೇ ಶೌಚಾಲಯಕ್ಕೆ ಕಳಿಸಿ. ಬೋಟ್ ಜನ ತುಂಬಿದ ಮೇಲೆ ಬಿಡುತ್ತದೆ, ಬಂದರಿನಿಂದ ದ್ವೀಪಕ್ಕೆ ಸುಮಾರು 20–30 ನಿಮಿಷ. ವಾಂತಿಯಾಗುವ ಮಗುವನ್ನು ಬೋಟಿನ ನಡುವೆ ಕೂರಿಸಿ, ಅಲ್ಲಿ ಕುಲುಕಾಟ ಕಡಿಮೆ. ಮೊಬೈಲ್ ಕೊಡಬೇಡಿ. ದೂರದಲ್ಲಿ ಆಕಾಶ, ಕಡಲು ಸೇರುವ ಗೆರೆ ನೋಡಲಿಕ್ಕೆ ಹೇಳಿ. ಬೋಟಿನ ಮೇಲೆ ಗರುಡ ಹಾರುತ್ತಿರುತ್ತದೆ, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಯಾರು ಜಾಸ್ತಿ ಗರುಡ ಎಣಿಸುತ್ತಾರೆ ಎಂದರೆ ಸಾಕು, ವಾಂತಿಯ ನೆನಪೇ ಬರುವುದಿಲ್ಲ.

ಇಳಿಯುವಾಗ ಗಡಿಬಿಡಿ ಬೇಡ. ದೊಡ್ಡವರು ಒಬ್ಬರು ಮೊದಲು ಇಳಿಯಬೇಕು, ಮತ್ತೊಬ್ಬರು ಬೋಟಿನಲ್ಲೇ ನಿಂತು ಮಗುವನ್ನು ಕೈಗೆ ಕೊಡಬೇಕು. ಬೋಟಿನವರಿಗೆ ಇದು ದಿನದ ಕೆಲಸ, ಅವರು ಹೇಳಿದ ಹಾಗೆ ಕೇಳಿ.

ಹೆಜ್ಜೆ 5: ದ್ವೀಪದಲ್ಲಿ ಒಂದೂವರೆ ಗಂಟೆ

ಒಂದೂವರೆ ಗಂಟೆ ಸಾಕು. ಜನ ಹೋಗುವ ಈ ದ್ವೀಪ, ತೆಂಗಿನ ದ್ವೀಪ ಅಂತಲೂ ಹೇಳುತ್ತಾರೆ, ಸುಮಾರು ಅರ್ಧ ಕಿಲೋಮೀಟರ್ ಉದ್ದ ಅಷ್ಟೇ. ನಮ್ಮ ಹಿರಿಯರು ತೋನ್ಸೆಪಾರ್ ಎನ್ನುತ್ತಿದ್ದರು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಸಂತ ಮೇರಿಯ ಹೆಸರು ಇಟ್ಟ ಎಂಬ ಕತೆ ಉಂಟು. ಮಕ್ಕಳಿಗೆ ಈ ಕತೆಯನ್ನು ಬೋಟಿನಲ್ಲೇ ಹೇಳಿ ಮುಗಿಸಿ, ಯಾಕೆಂದರೆ ದ್ವೀಪಕ್ಕೆ ಇಳಿದ ಮೇಲೆ ಹೇಳಬೇಕಾದದ್ದು ಕಲ್ಲಿನ ಕತೆ.

ಈ ಕಲ್ಲುಗಳು ಸಾಮಾನ್ಯ ಬಂಡೆಗಳಲ್ಲ. ಯಾರೋ ಕೆತ್ತಿ ಜೋಡಿಸಿಟ್ಟ ಕಂಬಗಳ ಹಾಗೆ ನಿಂತಿವೆ, ಮೇಲಿಂದ ನೋಡಿದರೆ ಜೇನುಗೂಡು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರೆಯಾಗಿ ದೂರ ಹೋಗುವ ಹೊತ್ತಿಗೆ ಭೂಮಿಯೊಳಗಿನ ಲಾವಾ ಮೇಲೆ ಬಂತು. ಅದು ತಣಿಯುವಾಗ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು, ಬಿರುಕು ಮೇಲಿಂದ ಕೆಳಗೆ ಇಳಿಯುತ್ತಾ ಹೋಗಿ ಕಂಬಗಳಾದವು. ಗದ್ದೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡಿದ ಮಗುವಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಹಾಗಾಗಿ ಒಂದು ಕಲ್ಲಿನ ತುಂಡನ್ನೂ ಚೀಲಕ್ಕೆ ಹಾಕಿಕೊಳ್ಳಬಾರದು.

ಈಗ ನೋಟ್‌ಬುಕ್ ತೆಗೆಯಿರಿ. ಪ್ರತಿ ಮಗುವಿಗೂ ಒಂದು ಕೆಲಸ ಕೊಡಿ. ಸುಮ್ನೆ "ನೋಡು, ನೋಡು" ಎಂದರೆ ಮಕ್ಕಳು ನೋಡುವುದಿಲ್ಲ, ಕೆಲಸ ಕೊಟ್ಟರೆ ನೋಡುತ್ತಾರೆ. ಒಬ್ಬರು ಹತ್ತು ಕಂಬ ಆರಿಸಿ ಒಂದೊಂದಕ್ಕೆ ಎಷ್ಟು ಬದಿ ಎಂದು ಎಣಿಸಿ ಬರೆಯಲಿ. ಆರು ಬದಿಯದ್ದು ಜಾಸ್ತಿ ಸಿಗುತ್ತದೆ, ಐದು, ಏಳು ಬದಿಯದ್ದೂ ಉಂಟು. ನಮ್ಮ ಮನೆಯಲ್ಲಿ ಏಳು ಬದಿಯ ಕಂಬ ಹುಡುಕಿದವರಿಗೆ ಸಂಜೆ ಐಸ್‌ಕ್ರೀಮಿನಲ್ಲಿ ಮೊದಲ ಆಯ್ಕೆ. ಚಿಕ್ಕ ಮಗು ಪೇಪರ್ ಕಲ್ಲಿನ ಮೇಲಿಟ್ಟು ಪೆನ್ಸಿಲಿನಿಂದ ಉಜ್ಜಿ ಕಲ್ಲಿನ ಅಚ್ಚು ತೆಗೆಯಲಿ. ಸ್ವಲ್ಪ ದೊಡ್ಡ ಮಗು ಗೇಣಿನಲ್ಲಿ ಅಳೆಯಲಿ. ಎಣಿಸುವ ಆಟ ದ್ವೀಪದ ಒಳಬದಿಯ ಒಣ ಕಲ್ಲುಗಳಲ್ಲಿ ಮಾತ್ರ, ಅಂಚಿನಲ್ಲಿ ಅಲ್ಲ.

ಮನೆಗೆ ಹೋದ ಮೇಲೆ ಇದನ್ನೇ ಅಡುಗೆಮನೆಯಲ್ಲಿ ಮಾಡಿ ತೋರಿಸಬಹುದು. ಕಾರ್ನ್‌ಫ್ಲೋರ್‌ಗೆ ನೀರು ಕಲಸಿ ಗಟ್ಟಿ ಹಿಟ್ಟು ಮಾಡಿ, ಒಂದು ಲೋಟದಲ್ಲಿ ಹಾಕಿ, ಬಿಸಿಲಲ್ಲೋ ಉರಿಯುವ ಬಲ್ಬಿನ ಕೆಳಗೋ ಕೆಲವು ದಿನ ಇಡಿ. ಪೂರ್ತಿ ಒಣಗಿದ ಮೇಲೆ ಮೆಲ್ಲ ಒಡೆದರೆ ಒಳಗೆ ಪುಟ್ಟ ಪುಟ್ಟ ಕಂಬಗಳು ಕಾಣುತ್ತವೆ. ತಣಿಯುವ ಲಾವಾ ಮತ್ತು ಒಣಗುವ ಹಿಟ್ಟು, ಎರಡೂ ಕುಗ್ಗಿ ಬಿರುಕು ಬಿಡುವ ರೀತಿ ಒಂದೇ. ನನ್ನ ಮಗಳು ಆ ದಿನ ಲೋಟ ಹಿಡಿದುಕೊಂಡು ಇಡೀ ಓಣಿ ಸುತ್ತಿ ಬಂದಳು.

ಏಪ್ರಿಲ್ ಕೊನೆಯ ವಾರ ಬರುವವರಿಗೆ ಒಂದು ವಿಶೇಷ ಉಂಟು. ಏಪ್ರಿಲ್ 25ರ ಹೊತ್ತಿಗೆ ಉಡುಪಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೇರ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ ನಡುವಿನಲ್ಲೂ ಒಮ್ಮೆ ಹೀಗಾಗುತ್ತದೆ, ಆದರೆ ಆಗ ಮೋಡ. ಇದನ್ನು ದ್ವೀಪದಲ್ಲಿ ಕಾಯಬೇಡಿ, ಮನೆಯ ಅಂಗಳದಲ್ಲಿ ಒಂದು ಸ್ಟೀಲ್ ಲೋಟ ಇಟ್ಟು ಐದು ನಿಮಿಷ ನೋಡಿದರೆ ಸಾಕು. ನಾವಿರುವುದು ಉಷ್ಣವಲಯದಲ್ಲಿ ಎಂದು ಪಾಠದಲ್ಲಿ ಓದಿದ್ದು ಆಗ ಕಣ್ಣಿಗೇ ಕಾಣುತ್ತದೆ. ದೆಹಲಿಯ ಮಕ್ಕಳಿಗೆ ತಮ್ಮ ಊರಲ್ಲಿ ಇದು ಯಾವತ್ತೂ ಕಾಣುವುದಿಲ್ಲ.

ಕಲ್ಲಿನ ಗುಂಡಿಗಳ ಹತ್ತಿರ ಕೂತು ಎರಡು ನಿಮಿಷ ಅಲುಗಾಡದೆ ನೋಡಿ. ಶಂಖವೊಂದು ನಡೆಯಲು ಶುರುಮಾಡುತ್ತದೆ! ಅದು ಸನ್ಯಾಸಿ ಏಡಿ, ಖಾಲಿ ಶಂಖವನ್ನು ಮನೆ ಮಾಡಿಕೊಂಡು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹಾಗಾಗಿ ಮಕ್ಕಳು ಚಿಪ್ಪು, ಶಂಖ ಬೇಕು ಎಂದಾಗ ನಾನು ಹೇಳುವುದು ಇಷ್ಟೇ: ಕೈಯಲ್ಲಿ ಹಿಡಿದು ನೋಡು, ಚಿತ್ರ ಬಿಡಿಸು, ಅಲ್ಲೇ ಇಡು, ಅದು ಇನ್ನೊಬ್ಬರ ಮನೆ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ.

ನೆರಳಿಗೆ ತೆಂಗಿನ ಮರ ಉಂಟು. ಆದರೆ ಕರಾವಳಿಯ ಅಜ್ಜಿಯರು ಹೇಳುವುದು ನೆನಪಿಡಿ, ಕಾಯಿ ತುಂಬಿದ ಮರದ ಬುಡದಲ್ಲಿ ಮಗುವನ್ನು ಕೂರಿಸಬಾರದು, ಮೇಲೆ ನೋಡಿಯೇ ಬೈರಾಸು ಹಾಸಬೇಕು. ಬಿದ್ದ ಗರಿ ಸಿಕ್ಕಿದರೆ ಓಲೆಯಲ್ಲಿ ಪೀಪಿ, ಗಿರಗಿಟ್ಲೆ, ಕೈಗಡಿಯಾರ ಮಾಡಿಕೊಡಿ. ಕಡಲ ಗಾಳಿಗೆ ಗಿರಗಿಟ್ಲೆ ನಿಲ್ಲುವುದೇ ಇಲ್ಲ. ಮಾಡಲು ಬಾರದಿದ್ದರೆ ಹಿಂದಿನ ದಿನ ಮನೆಯ ಹಿರಿಯರಿಂದ ಕಲಿತುಕೊಳ್ಳಿ.

ಇನ್ನು ಎಚ್ಚರಿಕೆ. ಹಸಿರು ಪಾಚಿ ಇರುವ ಕಲ್ಲಿಗೆ ಕಾಲಿಡಬಾರದು. ಹಗ್ಗ, ಬೋರ್ಡು ಹಾಕಿ ಹೋಗಬೇಡಿ ಎಂದ ಕಡೆ ಫೋಟೋಗಾಗಿ ಕೂಡ ಹೋಗಬಾರದು. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಹತ್ತು ಸಣ್ಣ ಅಲೆ ಬಂದ ಮೇಲೆ ಹನ್ನೊಂದನೆಯದು ದೊಡ್ಡದು ಬರಬಹುದು, ಅದು ಹೇಳಿ ಬರುವುದಿಲ್ಲ. ಮಗುವನ್ನು ಕಲ್ಲಿನ ತುದಿಯಲ್ಲಿ ನಿಲ್ಲಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಎದೆ ಝಲ್ ಎನ್ನುತ್ತದೆ. ದಯವಿಟ್ಟು ಬೇಡ. ಇಬ್ಬರು ದೊಡ್ಡವರಿದ್ದರೆ ಒಬ್ಬರು ಫೋನ್ ಚೀಲದಲ್ಲಿಟ್ಟು ಮಕ್ಕಳನ್ನೇ ನೋಡುತ್ತಿರಬೇಕು, ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಿ. "ನೀನು ನೋಡ್ತಾ ಇದ್ದೀ ಅಂದುಕೊಂಡೆ" ಎಂಬ ಮಾತು ಬರಬಾರದು.

ಹೊರಡುವಾಗ ನಿಮ್ಮ ಕಸ ಜೊತೆಗೆ ಇನ್ನೂ ಐದು ತುಂಡು ಕಸ ಹೆಕ್ಕಿಕೊಂಡು ಬನ್ನಿ.

ಹೆಜ್ಜೆ 6: ಮಧ್ಯಾಹ್ನ ನಿದ್ದೆ, ಸಂಜೆ ನೀರು

ಹನ್ನೊಂದರ ಒಳಗೆ ಮಲ್ಪೆಗೆ ವಾಪಸ್. ಒಬ್ಬೊಬ್ಬರಿಗೆ ಒಂದು ಬೊಂಡ, ಅಂದರೆ ಎಳನೀರು, ಕುಡಿಸಿ, ಉಡುಪಿಗೆ ಹೋಗಿ. ಕೃಷ್ಣ ಮಠದ ರಥಬೀದಿ ಹತ್ತಿರವೇ ಊಟ ಮಾಡಬಹುದು. ಕನಕನ ಕಿಂಡಿ ತೋರಿಸಿ, ಮಧ್ವ ಸರೋವರ ತೋರಿಸಿ, ಮತ್ತೆ ಮಲಗಿಸಿ. ಹನ್ನೆರಡರಿಂದ ನಾಲ್ಕರ ತನಕ ಮಕ್ಕಳನ್ನು ಬಿಸಿಲಿಗೆ ಬಿಡಲೇಬಾರದು. ಮಠದ ಕೃಷ್ಣನ ವಿಗ್ರಹ ಕಡಲಿನಿಂದಲೇ ಬಂತು, ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಮಲ್ಪೆ ದಡದಲ್ಲಿ ನಿಂತು ಬಟ್ಟೆ ಬೀಸಿ ಉಳಿಸಿದಾಗ ಸಿಕ್ಕ ಗೋಪೀಚಂದನದ ಗಡ್ಡೆಯೊಳಗೆ ಇತ್ತು ಎಂಬ ಕತೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಬೆಳಿಗ್ಗೆ ನೋಡಿದ ಅದೇ ಕಡಲು ಅಲ್ವಾ!

ನಾಲ್ಕೂವರೆ ಮೇಲೆ ಮಲ್ಪೆ ಬೀಚು. ಇಲ್ಲಿ ಮರಳು ಮೆತ್ತಗೆ, ದಡ ಮೆಲ್ಲ ಇಳಿಯುತ್ತದೆ, ಜೀವರಕ್ಷಕರಿರುತ್ತಾರೆ. ಅವರು ಇರುವ ಕಡೆಯೇ, ಅವರ ಕಣ್ಣಿಗೆ ಬೀಳುವ ಹಾಗೆಯೇ ಆಡಿಸಿ. ಕೆಂಪು ಬಾವುಟ ಇದ್ದರೆ ಆ ದಿನ ನೀರು ಇಲ್ಲ, ಮರಳು ಮಾತ್ರ. ಮಗುವಿನ ಮೊಣಕಾಲಿನಷ್ಟು ನೀರು ಸಾಕು, ನೀವು ಮಗುವಿಗಿಂತ ಕಡಲಿನ ಕಡೆ ನಿಂತಿರಬೇಕು. ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ ಕಂಡರೆ ಅದು ಒಳ್ಳೆಯ ಜಾಗ ಅಂತ ಅಲ್ಲ, ಅಲ್ಲೇ ಸೆಳೆತ ಇರಬಹುದು. ಸೆಳೆತಕ್ಕೆ ಸಿಕ್ಕವರು ದಡದ ಕಡೆ ನೇರ ಈಜಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಈಜು ಬಾರದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಹತ್ತು ದಾಟಿದ ಮಕ್ಕಳಿಗೆ ಇದನ್ನು ಹೇಳಿಕೊಡಿ.

ನೀರಿಗಿಂತ ಒದ್ದೆ ಮರಳಿನ ಆಟವೇ ಜಾಸ್ತಿ ಹೊತ್ತು ನಡೆಯುತ್ತದೆ. ಕುಂಟೆಬಿಲ್ಲೆಗೆ ಗೆರೆ ಎಳೆಯಲು ಇದಕ್ಕಿಂತ ಒಳ್ಳೆಯ ನೆಲ ಇಲ್ಲ. ಲಗೋರಿ ಆಡಬಹುದು. ಸಾಸಿವೆಯಿಂದ ಕಡಲೆಕಾಳಿನಷ್ಟು ದೊಡ್ಡ ಮರಳಿನ ಉಂಡೆಗಳು ರಂಗೋಲಿಯ ಹಾಗೆ ಬಿದ್ದಿರುತ್ತವೆ, ಪುಟ್ಟ ಏಡಿಗಳು ಮರಳಿನಿಂದ ಆಹಾರ ಹೆಕ್ಕಿ ತಿಂದು ಉಳಿದದ್ದನ್ನು ಉಂಡೆ ಮಾಡಿ ಬಿಟ್ಟದ್ದು ಅದು. ತೂತಿನ ಹತ್ತಿರ ಸದ್ದಿಲ್ಲದೆ ಕೂತರೆ ಏಡಿ ಹೊರಗೆ ಬರುತ್ತದೆ.

ಅದೃಷ್ಟ ಇದ್ದರೆ ಕೈರಂಪಣಿ ಎಳೆಯುವುದು ಸಿಗುತ್ತದೆ. ಉದ್ದದ ಬಲೆಯನ್ನು ದೋಣಿಯಲ್ಲಿ ಕಡಲಿಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಜನ ಸೇರಿ ಎಳೆಯುವುದು. ಬೆಳಿಗ್ಗೆ ಮಲ್ಪೆಯ ಪಕ್ಕದ ಪಡುಕೆರೆಯ ಕಡೆ ಹೋದರೆ ನೋಡಲು ಸಿಗುವ ಸಾಧ್ಯತೆ ಜಾಸ್ತಿ. ಕೇಳಿದರೆ ಮಕ್ಕಳಿಗೂ ಹಗ್ಗದ ಕೊನೆ ಹಿಡಿಯಲು ಬಿಡುತ್ತಾರೆ. ಬೂತಾಯಿ, ಬಂಗುಡೆ ಬೆಳ್ಳಿಯ ಹಾಗೆ ಪಟಪಟ ಹಾರುವುದನ್ನು ಒಮ್ಮೆ ನೋಡಿದ ಮಗು ಅದನ್ನು ಮರೆಯುವುದಿಲ್ಲ. ಇದು ಅವರ ಅನ್ನದ ಕೆಲಸ, ಹಾಗಾಗಿ ಅಡ್ಡ ನಿಲ್ಲಬೇಡಿ.

ಮಲ್ಪೆಯಲ್ಲಿ ಜನ ಜಾಸ್ತಿ ಅನ್ನಿಸಿದರೆ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚಿಗೆ ಹೋಗಿ. ಬ್ಲೂ ಫ್ಲ್ಯಾಗ್ ಎಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. 2020ರಲ್ಲಿ ಅದಕ್ಕೆ ಇದು ಸಿಕ್ಕಿತು, ಶೌಚಾಲಯ, ಸ್ನಾನದ ವ್ಯವಸ್ಥೆ ಚೊಕ್ಕವಾಗಿದೆ, ಸಣ್ಣ ಮಕ್ಕಳಿದ್ದವರಿಗೆ ನಾನು ಅದನ್ನೇ ಹೇಳುವುದು. ದಾರಿಯಲ್ಲಿ ಕಾಪು ದೀಪಸ್ತಂಭ, 1901ರಲ್ಲಿ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ. ಬಂಡೆಯ ಮೇಲೆ ನಿಂತ ಅದನ್ನು ಕೆಳಗಿಂದ ನೋಡಿದರೂ ಸಾಕು.

ಎರಡನೇ ದಿನ ಇದ್ದರೆ: ಕುದ್ರು

ದ್ವೀಪ ಎಂದರೆ ಕಡಲಿನದ್ದೇ ಆಗಬೇಕಾ? ನಮ್ಮಲ್ಲಿ ನದಿಯ ನಡುವಿನ ನೆಲಕ್ಕೆ ಕುದ್ರು ಎನ್ನುತ್ತಾರೆ, ಕೆಲವು ಕುದ್ರುಗಳಲ್ಲಿ ಮನೆ, ತೋಟ, ಗದ್ದೆ ಎಲ್ಲ ಉಂಟು. ಸಣ್ಣ ಮಕ್ಕಳಿಗೆ ನನ್ನ ಮನಸ್ಸಿನಲ್ಲಿ ಕುದ್ರುವೇ ಮೇಲು. ಅಲೆ ಇಲ್ಲ, ನೆರಳು ಉಂಟು. ಕೆಮ್ಮಣ್ಣಿನಲ್ಲಿ ಸ್ವರ್ಣಾ ನದಿಗೆ ಹಾಕಿದ ತೂಗುಸೇತುವೆ ದಾಟಿದರೆ ತಿಮ್ಮಣ್ಣಕುದ್ರು. ಸೇತುವೆ ತೂಗುವಾಗ ಮಕ್ಕಳಿಗೆ ಮೊದಲು ಹೆದರಿಕೆ, ಎರಡನೇ ಸಲಕ್ಕೆ ನಗು. ಬೇಕೆಂದೇ ಕುಣಿಸಲು ಬಿಡಬೇಡಿ, ಅದು ಅಲ್ಲಿಯವರು ದಿನವೂ ಓಡಾಡುವ ದಾರಿ. ಅಲ್ಲಿಂದ ಮುಂದೆ ಕೋಡಿ ಬೆಂಗ್ರೆ, ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ನದಿ. ಎರಡೂ ಸೇರುವ ಅಳಿವೆಬಾಗಿಲು ದಡದಿಂದಲೇ ನೋಡಿ, ಅಲ್ಲಿ ನೀರಿಗೆ ಇಳಿಯಬಾರದು, ಸೆಳೆತ ಬಹಳ. ಎಂಟು, ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ಸಾಲಿಗ್ರಾಮದ ಸೀತಾನದಿ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಕಯಾಕ್ ನಡೆಸಬಹುದು. ಕಾಂಡ್ಲಾ ಬೇರುಗಳು ನೀರಿನಿಂದ ಮೇಲೆ ನಿಂತಿರುವುದನ್ನು ಅಷ್ಟು ಹತ್ತಿರದಿಂದ ನೋಡಲು ಬೇರೆ ದಾರಿ ಇಲ್ಲ.

ಮಂಗಳೂರಿನವರಿಗೆ ಇನ್ನೂ ಸುಲಭ ಉಂಟು. ಬೋಳೂರಿನ ಸುಲ್ತಾನ್ ಬತ್ತೇರಿ, 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ. ಅದರ ಹತ್ತಿರದಿಂದ ಬೋಟಿನಲ್ಲಿ ನದಿ ದಾಟಿದರೆ ತಣ್ಣೀರುಬಾವಿ ಬೀಚು. ಮೊದಲ ಸಲ ಬೋಟ್ ಹತ್ತುವ ಮಗುವಿಗೆ ಈ ಸಣ್ಣ ದಾಟು ಒಳ್ಳೆಯ ಅಭ್ಯಾಸ, ಇಲ್ಲಿ ಹೆದರದಿದ್ದರೆ ಮಲ್ಪೆಯಲ್ಲೂ ಹೆದರುವುದಿಲ್ಲ. ಮಳೆಗಾಲದಲ್ಲಿ ಬಂದವರು ನೀರಿನ ಯೋಚನೆಯನ್ನೇ ಬಿಟ್ಟು ಪಿಲಿಕುಳಕ್ಕೆ ಹೋಗಿ. ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ ಸೇರಿ ಒಂದು ದಿನ ಪೂರ್ತಿ ಬೇಕು.

ಪೆಟ್ಟಾದರೆ

ಚಿಪ್ಪಿನಿಂದ ಕುಯ್ದರೆ ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಒಳಗೆ ಚೂರು ಉಳಿದಿದೆಯಾ ನೋಡಿ, ಆಮೇಲೆ ಬ್ಯಾಂಡೇಜು. ಆಳ ಇದ್ದರೆ ಡಾಕ್ಟರಿಗೆ ತೋರಿಸಿ, ಟಿಟಿ ಹಾಕಿಸಿದ್ದು ಯಾವಾಗ ಎಂದು ನೆನಪಿಟ್ಟುಕೊಂಡು ಹೋಗಿ. ಜೆಲ್ಲಿ ಮೀನು ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಕಡಲ ನೀರಿನಲ್ಲೇ ತೊಳೆಯಿರಿ, ಜೀವರಕ್ಷಕರನ್ನು ಕರೆಯಿರಿ. ಉಸಿರಾಟಕ್ಕೆ ಕಷ್ಟವಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ. ಮಗು ಮಂಕಾಗಿ, ಮೂತ್ರ ಕಡಿಮೆಯಾಗಿ, ತಲೆನೋವು ಎಂದರೆ ಅದು ಬಿಸಿಲಿನ ಬಳಲಿಕೆ ಇರಬಹುದು. ನೆರಳಿಗೆ ಕರೆದುಕೊಂಡು ಹೋಗಿ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮೈ ಕೆಂಡದ ಹಾಗೆ ಸುಡುತ್ತಾ ಮಾತು ತಡವರಿಸಿದರೆ ಏನನ್ನೂ ಕುಡಿಸಬೇಡಿ, ಒದ್ದೆ ಮಾಡಿ ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಹೊರಡಿ.

ರಾತ್ರಿ ಮನೆಗೆ ಬಂದ ಮೇಲೆ

ಸಿಹಿನೀರಿನಲ್ಲಿ ತಲೆಗೂ ಮೈಗೂ ಸ್ನಾನ ಮಾಡಿಸಿ, ಉಪ್ಪು ಉಳಿದರೆ ತುರಿಕೆ ಬರುತ್ತದೆ. ಬೆರಳ ಸಂದಿಯ ಮರಳು ತೆಗೆಯಿರಿ, ಕೆಂಪಾದ ಚರ್ಮ ತಣ್ಣಗಾದ ಮೇಲೆ ಸ್ವಲ್ಪ ತೆಂಗಿನೆಣ್ಣೆ. ಸಂಜೆ ಗಡ್‌ಬಡ್ ಐಸ್‌ಕ್ರೀಂ ತಿಂದಾಗಿದ್ದರೆ ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ತೆಂಗಿನೆಣ್ಣೆಯ ಒಂದು ಪಲ್ಯ ಸಾಕು. ಸ್ಯಾಂಡಲ್ ತೊಳೆದು ಜಗಲಿಯಲ್ಲಿ ಮಗುಚಿ ಇಡಿ. ಒದ್ದೆಯಾದ ನೋಟ್‌ಬುಕ್ಕನ್ನು ಫ್ಯಾನಿನ ಕೆಳಗೆ ಬಿಡಿಸಿಟ್ಟರೆ ಬೆಳಿಗ್ಗೆಗೆ ಒಣಗಿರುತ್ತದೆ.